ಕಾಲುನೋವಿಗೆ ಜೇನು, ದಾಲ್ಚಿನ್ನಿ

(ಅಂಬೇವಾಡಿಯಲ್ಲಿ ಖಾನಾವಳಿ ನಡೆಸುವ ಕಾಕಾ. ಹಳಿಯಾಳ ಕಡೆಯ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ಅವರ ಅಣ್ಣನ ಮಗಳು. ರಾತ್ರಿ ಊಟದ ಗಿರಾಕಿಗಳು ಹೋದ ಮೇಲಿನ ಮಾತು.)

ಕಾಕಾ: ನೀ ಬಂದದ್ದು ಚೊಲೋ ಆತು ತಂಗಿ. ಫೋನಿನಾಗ ಒಂದು ಔಷಧ ಬಂದೈತಿ, ಓದಿ ಹೇಳು. ಒಂದು ಭಾಗ ಜೇನುತುಪ್ಪ, ಎರಡು ಭಾಗ ಉಗುರುಬೆಚ್ಚನ ನೀರು, ಒಂದು ಸಣ್ಣ ಚಮಚ ದಾಲ್ಚಿನ್ನಿ ಪುಡಿ. ಕಲಸಿ ನೋವಿದ್ದಲ್ಲಿ ಹಚ್ಚಿ ತಿಕ್ಕಿದ್ರ ಎರಡು ಮಿನಿಟಿನಾಗ ನೋವು ಇಳಿತೈತಂತ. ಹೊಟ್ಟಿಗೂ ತಗೋಬೇಕಂತ: ಮುಂಜಾನೆ ಒಂದ್ಸಲ, ರಾತ್ರಿ ಒಂದ್ಸಲ, ಒಂದು ಕಪ್ ಬಿಸಿನೀರಿಗೆ ಎರಡು ಚಮಚ ಜೇನು, ಒಂದು ಸಣ್ಣ ಚಮಚ ಪುಡಿ. ಎರಡೂ ನನ್ನ ಅಡಿಗಿಮನಿಯಾಗ ಅದಾವು. ನಾಳಿಂದ ಸುರು ಮಾಡಬೇಕಂತ ಮಾಡೇನಿ.

ಮಗಳು: ಈ ಸಂದೇಶ ನಮ್ಮ ಆರೋಗ್ಯ ಕೇಂದ್ರಕ್ಕ ಬರೋ ಮಂದಿ ಕೈಯಾಗೂ ಐತಿ ಕಾಕಾ. ಕೆಳಗ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಹೆಸರು ಐತಿ ನೋಡ್ರಿ. 200 ಮಂದಿಗೆ ಕೊಟ್ಟರು, ಒಂದು ವಾರದಾಗ 73 ಮಂದಿಗೆ ನೋವು ಪೂರ್ತಿ ಹೋತು, ತಿಂಗಳದಾಗ ನಡಿಯಾಕ ಬರದಿದ್ದವರೂ ನಡದಾಡಿದ್ರು ಅಂತ.

ಕಾಕಾ: ಅದನ್ನ ನೋಡೇ ನಾ ನಂಬಿದ್ದು. ಇಷ್ಟು ಮಂದಿ, ಇಷ್ಟು ದಿನ ಅಂತ ಲೆಕ್ಕ ಹಿಡದು ಹೇಳ್ಯಾರ.

ಮಗಳು: ಲೆಕ್ಕ ಐತಿ, ಲೆಕ್ಕ ಮಾಡಿದವರ ಹೆಸರಿಲ್ಲ. ಯಾವ ಡಾಕ್ಟರು, ಯಾವ ವರ್ಷ, ಯಾವ ವೈದ್ಯಕೀಯ ಪತ್ರಿಕೆಯಾಗ ಅಚ್ಚಾತು, ಒಂದೂ ಇಲ್ಲ. ಈ ಸಂದೇಶದ ಉದ್ದನ್ನ ಪ್ರತಿಯೊಳಗ ಮೂಲ ಅಂತ ಒಂದು ಹೆಸರು ಕೊಟ್ಟಿರ್ತಾರ: ‘ವೀಕ್ಲಿ ವರ್ಲ್ಡ್ ನ್ಯೂಸ್’, ಕೆನಡಾ, 1995ರ ಜನವರಿ 17. ಆ ಪತ್ರಿಕೆ ಕೆನಡಾದ್ದಲ್ಲ, ಅಮೆರಿಕದ ಫ್ಲೋರಿಡಾದ್ದು. 1979ರಾಗ ಸುರು ಆತು, 2007ರಾಗ ಅಚ್ಚು ಮಾಡೋದು ನಿಲ್ಲಿಸ್ತು. ಬಾವಲಿ ಮಾರಿಯ ಹುಡುಗ ಗವಿಯಾಗ ಸಿಕ್ಕ, ಸತ್ತ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಇನ್ನೂ ಬದುಕ್ಯಾನ ಅನ್ನೋಂಥ ಸುದ್ದಿ ಕಟ್ಟಿ ಮಾರೋದೇ ಅದರ ದಂಧೆ ಇತ್ತು. ಅಂಥ ಕಡೆಯ ಹೆಸರು ಹೊತ್ತ ಮಾತು ಇಂಟರ್ನೆಟ್ಟಿನಾಗ ಹರಿದು, ಕನ್ನಡಕ್ಕ ಬಂದು, ನಿಮ್ಮ ಫೋನಿಗೆ ಮುಟ್ಟೈತಿ.

ಕಾಕಾ: ಹಂಗಾದ್ರ ಎಲ್ಲಾ ಸುಳ್ಳ? ನಮ್ಮವ್ವ ಕಾಲಿಗೆ ಏನೇನೋ ಹಚ್ಚತಿದ್ಲಲ್ಲ. ಲಕ್ಕಿ ತಪ್ಪಲ ಕುದಿಸಿದ ನೀರು ಹಾಕಿ, ಎಣ್ಣಿ ಹಚ್ಚಿ ತಿಕ್ಕತಿದ್ಲು. ಹಿಮ್ಮಡಿ ಒಡದ್ರ ಮುರುಗಲ ತುಪ್ಪ. ಮರುದಿನ ಹೊಲಕ್ಕ ಹೋಗಾಕ ಆಗತಿತ್ತು. ಅದು ಸುಳ್ಳಲ್ಲ.

ಮಗಳು: ಅದು ಸುಳ್ಳಂತ ನಾ ಎಂದೂ ಅನ್ನೂದಿಲ್ಲ. ದುಡದು ದಣದ ಸ್ನಾಯುವಿಗೆ ಬಿಸಿ ತಾಗಿದ್ರ ರಕ್ತದ ಓಡಾಟ ಹೆಚ್ಚತೈತಿ, ಬಿಗಿ ಸಡಿಲಾಗ್ತೈತಿ. ತಿಕ್ಕಿದ್ರ ಇನ್ನೂ ಹಗುರ. ಅಜ್ಜಿ ಕೈಯಾಗ ಅದು ನಿಜವಾದ ಔಷಧ. ಜೇನು-ದಾಲ್ಚಿನ್ನಿ ಹಚ್ಚಿದವರಿಗೂ ಆರಾಮ ಅನಿಸೋದು ಬಹಳ ಮಟ್ಟಿಗೆ ಆ ಬೆಚ್ಚನ ನೀರು ಮತ್ತ ತಿಕ್ಕೋದರಿಂದ ಅಂತ ನನ್ನ ತಿಳುವಳಿಕಿ. ದಾಲ್ಚಿನ್ನಿಯದೂ ಒಂದೀಟು ಪಾಲು ಇರಬೋದು.

ಕಾಕಾ: ಅದೇನು ಮಾಡ್ತೈತಿ?

ಮಗಳು: ಅದರ ವಾಸನಿ, ಖಾರ ಎರಡಕ್ಕೂ ಕಾರಣ ಸಿನ್ನಮಾಲ್ಡಿಹೈಡ್ ಅನ್ನೋ ಎಣ್ಣಿಯಂಥ ಅಂಶ. ಚರ್ಮದ ನರದ ತುದಿಯಾಗ ಟ್ರಪ್-ಎ1 ಅಂತ ಒಂದು ಗ್ರಾಹಕ ಐತಿ. ಈ ಅಂಶ ತಾಗಿದ್ರ ಅದು ಎಚ್ಚರಾಗ್ತೈತಿ, ಅಲ್ಲಿ ಚುರುಗುಟ್ಟತೈತಿ, ಬೆಚ್ಚಗ ಅನಸ್ತೈತಿ. ಆ ಚುರುಚುರು ಇರೋ ತನಕ ಒಳಗಿನ ನೋವು ಮನಸಿಗೆ ಅಷ್ಟು ತಾಗೂದಿಲ್ಲ. ಮೆಣಸಿನಕಾಯಿ ಖಾರಕ್ಕ ಇಂಥದ್ದೇ ಇನ್ನೊಂದು ಗ್ರಾಹಕ ಐತಿ, ಟ್ರಪ್-ವಿ1 ಅಂತ. ಅದನ್ನ ಹುಡುಕಿದ ಡೇವಿಡ್ ಜೂಲಿಯಸ್ ಅವರಿಗೆ 2021ರಾಗ ನೊಬೆಲ್ ಬಂತು, ಆರ್ಡೆಮ್ ಪಟಪೂಟಿಯನ್ ಅನ್ನೋರ ಜೋಡಿ. ಮೆಣಸಿನ ಅಂಶದ ಮುಲಾಮು ಮೊಣಕಾಲು ನೋವಿಗೆ ಔಷಧ ಅಂಗಡಿಯಾಗೂ ಸಿಗ್ತೈತಿ. ಅಂದ್ರ ಖಾರದ ವಸ್ತು ಹಚ್ಚಿದ್ರ ನೋವು ಮರೀತೈತಿ ಅನ್ನೋ ಹಳೇ ಮಂದಿ ಅನುಭವಕ್ಕ ಬುಡ ಐತಿ.

ಕಾಕಾ: ನೋಡು, ನೀನೇ ಒಪ್ಪಿದಿ.

ಮಗಳು: ಮರೀತೈತಿ ಅಂದೆ, ವಾಸಿ ಆಗ್ತೈತಿ ಅನ್ನಲಿಲ್ಲ. ದಾಲ್ಚಿನ್ನಿ ಪುಡಿ ಗಟ್ಟ್ಯಾಗಿ ಹಚ್ಚಿ ಬಿಟ್ರ ಕೆಲವರ ಚರ್ಮ ಕೆಂಪಾಗಿ ಗುಳ್ಳಿ ಏಳ್ತಾವ. ಹಚ್ಚೋದಿದ್ರ ಮೊದಲು ಮೊಣಕೈ ಒಳಮಗ್ಗಲಿಗೆ ಚೂರು ಹಚ್ಚಿ ಒಂದು ದಿನ ನೋಡಬೇಕು. ಸಕ್ಕರಿ ಕಾಯಿಲಿಯಿಂದ ಪಾದದ ಅರಿವು ಹೋದವರು ಇಂಥದ್ದು ಹಚ್ಚಲೇಬಾರದು, ಬಿಸಿನೀರಾಗೂ ಕಾಲು ಇಡಬಾರದು. ಚರ್ಮ ಸುಟ್ರೂ ಅವರಿಗೆ ಗೊತ್ತಾಗೂದಿಲ್ಲ. ಹಂಗ ಸುಟ್ಟ ಕಾಲು ತಗೊಂಡು ಬಂದವರಿಗೆ ನಾ ಪಟ್ಟಿ ಕಟ್ಟೇನಿ ಕಾಕಾ. ಆ ಗಾಯ ಬಲು ಲಗೂ ಕೀವು ಹಿಡಿತೈತಿ.

ಕಾಕಾ: ಹಚ್ಚೋದು ಬಿಡು. ಹೊಟ್ಟಿಗೆ ತಗೊಂಡ್ರ? ಜೇನು ಅಮೃತ ಅಂತಾರ. ಜೋಯಿಡಾ ಕಡೆ ಕುಣಬಿ ಮಂದಿ ತರೋ ಜೇನು ಬಾಯಾಗ ಇಟ್ರ ಕಾಡಿನ ಹೂವಿನ ರುಚಿನೇ ಬ್ಯಾರೆ.

ಮಗಳು: ಜೇನಿನ ಮ್ಯಾಲ ನನಗೂ ಭಾಳ ಗೌರವ ಐತಿ. ಹೆಜ್ಜೇನು ಕೀಳೋ ಮಂದಿ ಜೀವ ಒತ್ತಿ ಇಟ್ಟು ಮರ ಹತ್ತತಾರ. ಕೆಮ್ಮಿಗೆ ಜೇನು ಉಪಯೋಗ ಅಂತ ಈಗಿನ ವೈದ್ಯಕೀಯನೂ ಒಪ್ಪತೈತಿ, ಗಾಯಕ್ಕ ಹಚ್ಚೋ ಶುದ್ಧ ಮಾಡಿದ ಜೇನು ದವಾಖಾನಿಯಾಗೂ ಬಳಸ್ತಾರ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಸಬಾರದು, ಬೊಟುಲಿಸಂ ಅನ್ನೋ ಕಾಯಿಲಿ ತರೋ ವಿಷ ಕೂಸಿನ ಕರುಳಾಗ ಹುಟ್ಟೋ ಭಯ ಐತಿ. ಆದ್ರ ಕಾಲುನೋವಿಗೆ ಕುಡದ್ರ ಏನಾಗ್ತೈತಿ? ಜೇನಿನಾಗ ನೂರಕ್ಕ ಎಂಬತ್ತರಷ್ಟು ಸಕ್ಕರಿನೇ. ಒಂದು ದೊಡ್ಡ ಚಮಚ ಅಂದ್ರ ಸುಮಾರು 20 ಗ್ರಾಂ. ಈ ಸಂದೇಶದ ಲೆಕ್ಕದಾಗ ದಿನಕ್ಕ ನಾಕು ಚಮಚ, ಅಂದ್ರ 60 ಗ್ರಾಮಿಗೂ ಹೆಚ್ಚು ಸಕ್ಕರಿ. ಕಾಲು ಉರಿ, ಕಾಲು ಜೋಮು ಅಂತ ಬರೋ ಎಷ್ಟೋ ಮಂದಿಗೆ ಮೂಲ ಕಾಯಿಲಿನೇ ಸಕ್ಕರಿದು. ಅವರು ಇದನ್ನ ಕುಡದ್ರ ಯಾವ ಬೇನಿಗೆ ಔಷಧ ತಗೋತಾರೋ ಅದನ್ನೇ ಬೆಳಸಿದಂಗ ಆಗ್ತೈತಿ. ನನಗ ಸಂಕಟ ಆಗೋದು ಅಲ್ಲಿ.

ಕಾಕಾ: ಜೇನನ್ನ ಬಿಸಿನೀರಿಗೆ ಹಾಕಬಾರದು ಅಂತ ಹಿರಿಯರು ಹೇಳತಿದ್ರು ಮತ್ತ. ಇದರಾಗ ಬಿಸಿನೀರು ಅಂತ ಬರದಾರ.

ಮಗಳು: ಆಯುರ್ವೇದದಾಗೂ ಹಂಗೇ ಐತಿ. ಕಾಸಿದ ಜೇನು, ಬಿಸಿ ಕೂಡಿದ ಜೇನು ಬ್ಯಾಡ ಅಂತ ಚರಕ ಸಂಹಿತೆಯ ಕಾಲದಿಂದ ಹೇಳಿಕೊಂಡು ಬಂದಾರ. ಈ ಸಂದೇಶ ಮಂದಿ ಬಾಯಾಗ ಆಯುರ್ವೇದ ಆಗೈತಿ, ಆಯುರ್ವೇದದ ಮೊದಲ ಎಚ್ಚರಿಕಿನೇ ಅದರಾಗ ಇಲ್ಲ. ಇನ್ನ ಅಂಗಡಿ ಜೇನಿಗೆ ಬಂದ್ರ, 2020ರಾಗ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು 13 ಬ್ರಾಂಡಿನ ಜೇನು ಪರೀಕ್ಷೆ ಮಾಡಿಸಿದ್ರು. 22 ಮಾದರಿಯೊಳಗ ಎಲ್ಲಾ ಪರೀಕ್ಷೆ ದಾಟಿದ್ದು ಐದೇ. ಉಳದದ್ದರಾಗ ಸಕ್ಕರಿ ಪಾಕ ಬೆರಸಿದ್ದು ಗೊತ್ತಾತು.

ಕಾಕಾ: ದಾಲ್ಚಿನ್ನಿ ಬಗ್ಗೆ ನನಗ ಹೇಳಬ್ಯಾಡ. ಮಸಾಲಿ ಅಂದ್ರ ನಾ ಕೈಯಾಗ ಹಿಡದು ಹೇಳ್ತೇನಿ. ದಪ್ಪನ್ನ, ಗಟ್ಟಿ, ಒಂದೇ ಸುರುಳಿ ಇರ್ತೈತಲ್ಲ, ಅದು ಅಗ್ಗ, ಖಾರ ಜಾಸ್ತಿ. ಇನ್ನೊಂದು ಕಾಗದದಂಗ ತೆಳು, ಪದರ ಪದರ, ಮುರದ್ರ ಪುಡಿಪುಡಿ, ಸೌಮ್ಯ ವಾಸನಿ. ಅದರ ರೇಟು ಕೇಳಿ ನಾ ತರೋದೇ ಬಿಟ್ಟೇನಿ.

ಮಗಳು: ನೀವು ಹೇಳಿದ್ದು ಖರೇ ಕಾಕಾ, ಇಡೀ ಮಾತಿನಾಗ ಭಾಳ ಮುಖ್ಯ ಮಾತು ಅದು. ದಪ್ಪನ್ನದು ಕ್ಯಾಸಿಯಾ. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾದಿಂದ ಬರ್ತೈತಿ. ತೆಳ್ಳಂದು ಸಿಲೋನ್ ದಾಲ್ಚಿನ್ನಿ, ಶ್ರೀಲಂಕಾದ ಜಾತಿ. ಪ್ಯಾಟಿಯಾಗ ಎರಡಕ್ಕೂ ಒಂದೇ ಹೆಸರು. ಕ್ಯಾಸಿಯಾದಾಗ ಕೂಮರಿನ್ ಅನ್ನೋ ಅಂಶ ಜಾಸ್ತಿ, ಸಿಲೋನಿನಾಗ ಇಲ್ಲ ಅನ್ನೋ ಅಷ್ಟು ಕಡಿಮಿ. ಕೂಮರಿನ್ ದಿನಾ ಹೆಚ್ಚಿಗೆ ಹೊಟ್ಟಿಗೆ ಹೋದ್ರ ಕೆಲವರ ಯಕೃತ್ತಿಗೆ ಪೆಟ್ಟು ಬೀಳ್ತೈತಿ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಮೈತೂಕದ ಒಂದು ಕಿಲೋಕ್ಕ ದಿನಕ್ಕ 0.1 ಮಿಲಿಗ್ರಾಂ ಮಿತಿ ಹಾಕೈತಿ. ನಿಮ್ಮ ತೂಕ 60 ಕಿಲೋ ಅಂತ ಹಿಡಿರಿ, ದಿನಕ್ಕ 6 ಮಿಲಿಗ್ರಾಂ. ಜರ್ಮನಿಯವರು ಲೆಕ್ಕ ಹಾಕುವಾಗ ಹಿಡದ ಸರಾಸರಿ, ಒಂದು ಗ್ರಾಂ ಕ್ಯಾಸಿಯಾ ಪುಡಿಯಾಗ ಸುಮಾರು 3 ಮಿಲಿಗ್ರಾಂ. ಸಣ್ಣ ಚಮಚ ಅಂದ್ರ ಎರಡೂವರಿ ಗ್ರಾಂ, ದಿನಕ್ಕ ಎರಡು ಚಮಚ. ಒಟ್ಟು ಎಷ್ಟಾತು?

ಕಾಕಾ: ಐದು ಗ್ರಾಂ ಪುಡಿ. ಹದಿನೈದು ಮಿಲಿಗ್ರಾಂ. ಮಿತಿಯ ಎರಡೂವರಿ ಪಟ್ಟು!

ಮಗಳು: ಸಾರಿನಾಗ, ಪಲಾವಿನಾಗ ಹಾಕೋ ಒಂದು ತುಂಡಿನಿಂದ ಏನೂ ಆಗೂದಿಲ್ಲ. ತಿಂಗಳಾನುಗಟ್ಟಲೆ ಚಮಚ ಚಮಚ ಪುಡಿ ನುಂಗೋದು ಬ್ಯಾರೆ. ಯಕೃತ್ತಿನ ತ್ರಾಸು ಮೊದಲೇ ಇದ್ದವರು, ಕುಡಿಯೋ ಚಟ ಇದ್ದವರು ಇದನ್ನ ಮುಟ್ಟಲೇಬಾರದು.

ಕಾಕಾ: ನಮ್ಮ ಕಾಡಿನಾಗೇ ದಾಲ್ಚಿನ್ನಿ ಗಿಡ ಅದಾವಲ್ಲ. ಎಲಿ ತಿಕ್ಕಿದ್ರ ಘಮ್ ಅಂತೈತಿ. ಅದರ ತೊಗಟಿ ತಂದ್ರ?

ಮಗಳು: ಅದು ಪಶ್ಚಿಮ ಘಟ್ಟದ ಕಾಡು ದಾಲ್ಚಿನ್ನಿ, ಬ್ಯಾರೆ ಜಾತಿ. ಕಾಂಡದ ಸುತ್ತ ತೊಗಟಿ ಸುಲದ್ರ ಗಿಡ ನಿಂತಲ್ಲೇ ಒಣಗತೈತಿ. ಸಿಲೋನಿನಾಗ ಬೆಳೆಗಾರರು ಗಿಡ ಬುಡಕ್ಕ ಕಡದು, ಚಿಗತು ಬಂದ ಎಳೇ ಕೋಲಿನ ತೊಗಟಿ ತಗೀತಾರ, ಗಿಡ ಉಳೀತೈತಿ. ನಮ್ಮಲ್ಲಿ ಕಾಡಿಗೆ ನುಗ್ಗಿ ಮಚ್ಚು ಹಾಕೋರು ಆ ಸಬೂರಿ ತೋರಸೂದಿಲ್ಲ. ಮ್ಯಾಲ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಒಳಗಿಂದ ತೊಗಟಿ ಕಿತ್ತು ತರೋದು ಅಪರಾಧ. ಒಂದು ಸುಳ್ಳು ಸಂದೇಶದ ಸಲುವಾಗಿ ನಮ್ಮ ಕಾಡಿನ ಒಂದು ಗಿಡ ಸಾಯೋದು ನನಗ ತಡಿಯಾಕ ಆಗೂದಿಲ್ಲ.

ಕಾಕಾ: ದಾಲ್ಚಿನ್ನಿ ಹೊಟ್ಟಿಗೆ ತಗೊಂಡು ನೋವು ಕಡಿಮಿ ಆದದ್ದು ಎಲ್ಲೂ ಇಲ್ಲೇ ಇಲ್ಲೇನು?

ಮಗಳು: ಐತಿ. ಇರಾನಿನಾಗ ಒಂದು ಅಧ್ಯಯನ 2018ರಾಗ ಅಚ್ಚಾತು. ರುಮಟಾಯ್ಡ್ ಸಂಧಿವಾತ ಇದ್ದ 36 ಹೆಣ್ಣುಮಕ್ಕಳು. ಒಂದು ಗುಂಪಿಗೆ ದಿನಕ್ಕ 500 ಮಿಲಿಗ್ರಾಮಿನ ನಾಕು ದಾಲ್ಚಿನ್ನಿ ಗುಳಿಗಿ, ಇನ್ನೊಂದು ಗುಂಪಿಗೆ ಔಷಧ ಇಲ್ಲದ ಹುಸಿ ಗುಳಿಗಿ, ಎಂಟು ವಾರ. ದಾಲ್ಚಿನ್ನಿ ತಗೊಂಡವರಿಗೆ ನೋವು, ಬಾವು, ರಕ್ತದಾಗಿನ ಉರಿಯೂತದ ಅಂಶ ಇಳದವು. ಖರೇ ಅಧ್ಯಯನ ಅಂದ್ರ ಹಿಂಗಿರ್ತೈತಿ: ಯಾವ ಕಾಯಿಲಿ, ಎಷ್ಟು ಮಂದಿ, ಎಷ್ಟು ತೂಕ, ಯಾರ ಜೋಡಿ ಹೋಲಿಸಿದ್ರು, ಎಲ್ಲಾ ಬಿಚ್ಚಿ ಹೇಳ್ತಾರ. ಆದ್ರ ಅದು ಸಣ್ಣ ಗುಂಪು, ಒಂದೇ ಜಾತಿ ಸಂಧಿವಾತ. ಅದರಾಗ ಜೇನು ಇರಲಿಲ್ಲ. ನಿಮ್ಮದು ಸಂಧಿವಾತ ಅಂತ ಯಾರು ಹೇಳಿದ್ರು?

ಕಾಕಾ: ಯಾರೂ ಹೇಳಿಲ್ಲ. ವಯಸ್ಸಾತು, ದಿನಾ ಒಲಿ ಮುಂದ ನಿಂತು ಕಾಲು ನೋಯ್ತಾವ ಅಂದ್ಕೊಂಡೇನಿ.

ಮಗಳು: ಅದನ್ನೇ ನಾ ಮೊದಲು ಕೇಳಬೇಕಾಗಿತ್ತು. ಮುಂಡಗೋಡದ ಟಿಬೆಟನ್ ಕಾಲನಿಗೆ ನೋವಿನ ಔಷಧಕ್ಕ ಹೋಗಿ ಬಂದವರನ್ನ ಕೇಳ್ರಿ. ಅಲ್ಲಿ ವೈದ್ಯರು ಗುಳಿಗಿ ಕೊಡೋ ಮೊದಲು ನಾಡಿ ಹಿಡೀತಾರ, ಮೂತ್ರ ನೋಡ್ತಾರ. ನಮ್ಮ ಆಯುರ್ವೇದದ ವೈದ್ಯರು ನಾಲಿಗಿ ನೋಡ್ತಾರ, ನಿದ್ದಿ ಹ್ಯಾಂಗ, ಹೊಟ್ಟಿ ಹ್ಯಾಂಗ ಕೇಳ್ತಾರ. ಇಂಗ್ಲಿಷ್ ಔಷಧದ ಡಾಕ್ಟರು ಮುಟ್ಟಿ ನೋಡಿ ರಕ್ತ ಪರೀಕ್ಷೆ ಬರೀತಾರ. ಎಲ್ಲಾ ಪದ್ಧತಿಯವರೂ ರೋಗಿಯನ್ನ ಕೇಳ್ತಾರ. ನಿಮ್ಮ ಫೋನು ನಿಮಗ ಒಂದು ಪ್ರಶ್ನಿನೂ ಕೇಳಲಿಲ್ಲ. ಎಲ್ಲಿ ನೋಯ್ತೈತಿ, ಯಾವಾಗ, ಎಷ್ಟು ಹೊತ್ತು? ಹೇಳ್ರಿ.

ಕಾಕಾ: ಸಂಜೀಕ ಎರಡೂ ಕಾಲು ಭಾರ ಆಗ್ತಾವ. ನರ ಉಬ್ಬಿ ನೀಲಿ ಕಾಣ್ತಾವ, ಹಾಸಿಗಿಗೆ ಬಿದ್ರ ಹಗುರ. ಅದು ಹಳೇದು. ಈಗೀಗ ಬಲಗಾಲಿಗೆ ಬ್ಯಾರೆ ಸುರು ಆಗೈತಿ. ಸ್ಟೇಷನ್ ಕಡೆ ನಡಕೋತ ಹೋದ್ರ ಅರ್ಧ ದಾರಿಗೆ ಮೀನಖಂಡ ಗಟ್ಟಿ ಹಿಡದು ಬಿಗೀತೈತಿ. ನಿಂತ್ರ ಎರಡು ಮಿನಿಟಿನಾಗ ಬಿಡ್ತೈತಿ. ಮತ್ತ ಅಷ್ಟೇ ದೂರ ಹೋದ್ರ ಮತ್ತ ಹಿಡೀತೈತಿ.

ಮಗಳು: ಕೂಡಬೇಕಾ, ನಿಂತ್ರ ಸಾಕಾ?

ಕಾಕಾ: ನಿಂತ್ರ ಸಾಕು. ದಿಬ್ಬ ಏರುವಾಗ ಇನ್ನೂ ಲಗೂ ಹಿಡೀತೈತಿ.

ಮಗಳು: ಬೀಡಿ?

ಕಾಕಾ: ಕಡಿಮಿ ಮಾಡೇನಿ. ಪೂರ್ತಿ ಬಿಡಾಕ ಆಗಿಲ್ಲ.

ಮಗಳು: ಕಾಲು ಈ ಕಡೆ ಚಾಚ್ರಿ. ಎಡಪಾದ ಬೆಚ್ಚಗೈತಿ, ಬಲಪಾದ ತಣ್ಣಗೈತಿ. ಇಲ್ಲಿ, ಪಾದದ ಮ್ಯಾಲ, ಎಡಗಾಲಿನಾಗ ನಾಡಿ ಬೆರಳಿಗೆ ಬಡೀತೈತಿ. ಬಲಗಾಲಿನಾಗ ನನಗ ಸಿಗವಲ್ದು. ಬಲಗಾಲಿನ ಮುಂದ ಕೂದಲೂ ಕಡಿಮಿ ಆಗ್ಯಾವ. ಕಾಕಾ, ನಾ ಡಾಕ್ಟರ್ ಅಲ್ಲ, ಇದೇ ಕಾಯಿಲಿ ಅಂತ ಹೇಳಾಕ ನನಗ ಬರೂದಿಲ್ಲ. ಆದ್ರ ನಡದ್ರ ಹಿಡದು ನಿಂತ್ರ ಬಿಡೋ ನೋವು, ಬೀಡಿ, ತಣ್ಣನ ಪಾದ, ಇಷ್ಟು ಕೂಡಿದ್ರ ಕಾಲಿಗೆ ರಕ್ತ ಒಯ್ಯೋ ಶುದ್ಧ ರಕ್ತನಾಳ ಕಟ್ಟಿಕೊಂಡಿರೋ ಸಂಶಯ ಬರ್ತೈತಿ. ನಡಿಯುವಾಗ ಸ್ನಾಯು ಹೆಚ್ಚು ರಕ್ತ ಬೇಡತೈತಿ, ಸಣ್ಣಾದ ನಾಳದಾಗ ಅಷ್ಟು ಬರೂದಿಲ್ಲ, ಅದಕ್ಕ ಹಿಡೀತೈತಿ.

ಕಾಕಾ: ಜೇನು ಹಚ್ಚಿ ತಿಕ್ಕಿದ್ರ ಆ ನಾಳ ತೆರಿಯೂದಿಲ್ಲ ಅಂತಿ.

ಮಗಳು: ತೆರಿಯೂದಿಲ್ಲ. ಕಾಲಿನ ನಾಳ ಕಟ್ಟಿದವರಿಗೆ ಎದಿಯ ನಾಳ, ಮಿದುಳಿನ ನಾಳನೂ ಕಟ್ಟಿರೋ ಭಯ ಜಾಸ್ತಿ. ಹೃದಯಾಘಾತ, ಲಕವಾ ಬರೋ ಮೊದಲು ಕಾಲು ಸುಳಿವು ಕೊಡ್ತಿರ್ತೈತಿ. ನೀವು ಈ ಪಾಕ ಕುಡಕೋತ ಒಂದು ವರ್ಷ ಕಳದ್ರ ಆ ವರ್ಷ ನಮಗ ತಿರುಗಿ ಸಿಗೂದಿಲ್ಲ. ಮನೆಮದ್ದಿನ ಮ್ಯಾಲ ನನಗ ಸಿಟ್ಟಿಲ್ಲ ಕಾಕಾ, ಕಳೆದು ಹೋಗೋ ದಿನದ ಮ್ಯಾಲ ಸಿಟ್ಟು.

ಕಾಕಾ: ಎಲ್ಲಾ ಕಾಲುನೋವಿಗೂ ಹಿಂಗ ಹೆದರಬೇಕಾ? ಹೊಲದಾಗ ದುಡದವರಿಗೆ ನೋವು ಇರೋದೇ.

ಮಗಳು: ಹೆದರೋದು ಬ್ಯಾಡ, ಗುರುತು ಹಿಡೀಬೇಕು. ದುಡದ ನೋವು ಎರಡು ಮೂರು ದಿನದಾಗ ತಾನೇ ಇಳೀತೈತಿ, ಅದಕ್ಕ ಅಜ್ಜಿಯ ಎಣ್ಣಿ, ಬಿಸಿನೀರು ಸಾಕು. ಒಂದೇ ಕಾಲು ಒಮ್ಮಿಂದೊಮ್ಮೆ ಬಾತು, ಬಿಸಿಯಾಗಿ, ಕೆಂಪಾಗಿ ನೋಯ್ತಂದ್ರ ಒಳಗ ರಕ್ತ ಹೆಪ್ಪುಗಟ್ಟಿರಬೋದು. ಅದನ್ನ ತಿಕ್ಕಲೇಬಾರದು, ಹೆಪ್ಪು ಕಿತ್ತು ಶ್ವಾಸಕೋಶಕ್ಕ ಹೋದ್ರ ಜೀವಕ್ಕೇ ಅಪಾಯ, ಅವತ್ತೇ ದವಾಖಾನಿಗೆ ಹೋಗಬೇಕು. ಮಳಿಗಾಲದಾಗ ಗದ್ದಿ ಕೆಸರಿನಾಗ ದುಡದವರಿಗೆ ಜ್ವರ, ಕಣ್ಣು ಕೆಂಪು, ಮೀನಖಂಡ ಮುಟ್ಟಾಕ ಬರದಷ್ಟು ನೋವು ಬಂದ್ರ ಇಲಿ ಜ್ವರ ನೆನಸಬೇಕು. ಕಾಡಿಗೆ ಹೋಗಿ ಬಂದವರಿಗೆ ಬ್ಯಾಸಗಿ ಕಡೆ ಜೋರು ಜ್ವರ, ಮೈಕೈ ನೋವು ಬಂದ್ರ ಮಂಗನ ಕಾಯಿಲಿ. 1957ರಾಗ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಾಗ ಗುರುತಾದ ಆ ಕಾಯಿಲಿ ನಮ್ಮ ಜಿಲ್ಲೆಯ ಸಿದ್ದಾಪುರ ಕಡೆನೂ ಜೀವ ತಗೊಂಡೈತಿ. ಸೊಂಟದಿಂದ ಹೊಂಟು ಹಿಮ್ಮಡಿ ತನಕ ಸೆಳಿಯೋದು ಬೆನ್ನಿನ ನರದ್ದು. ಇವಕ್ಕೆಲ್ಲಾ ಒಂದೇ ಚಮಚ ಜೇನು ಅಂದ್ರ ಹ್ಯಾಂಗ ಒಪ್ಪಲಿ?

ಕಾಕಾ: ಮಂದಿ ದವಾಖಾನಿಗೆ ಯಾಕ ಹೋಗೂದಿಲ್ಲ ಅಂತ ನಿನಗೂ ಗೊತ್ತೈತಿ. ಒಂದು ದಿನ ಹೋದ್ರ ಒಂದು ದಿನದ ಕೂಲಿ ಹೋತು. ಜೋಯಿಡಾ ಒಳಗಿನ ಹಳ್ಳಿಯವರು ಬಸ್ಸಿಗೆ ನಡಕೋತ ಬರಬೇಕು. ದೊಡ್ಡ ಪರೀಕ್ಷೆ ಅಂದ್ರ ಧಾರವಾಡ, ಹುಬ್ಬಳ್ಳಿ, ಇಲ್ಲಾ ಕಾರವಾರ. ಫೋನಿನ ಔಷಧ ಮನಿಯಾಗೇ ಸಿಗ್ತೈತಿ, ಯಾರ ಮುಂದೂ ಕೈಕಟ್ಟಿ ನಿಲ್ಲಬೇಕಾಗಿಲ್ಲ. ಅದಕ್ಕೇ ನಂಬ್ತಾರ. ಅವರು ದಡ್ಡರಲ್ಲ.

ಮಗಳು: ದಡ್ಡರಲ್ಲ ಕಾಕಾ, ನಾ ಎಂದೂ ಹಂಗ ಅಂದಿಲ್ಲ. ನೀವು ಹೇಳಿದ ಕಾರಣಕ್ಕೇ ನಾವು ಮನಿ ಮನಿಗೆ ಹೋಗಬೇಕಾಗೈತಿ. 30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಾಗ ಬಿಪಿ, ಸಕ್ಕರಿ ನೋಡಾಕ ರೊಕ್ಕ ಇಲ್ಲ. ಮೊದಲ ಹೆಜ್ಜಿ ಹತ್ತಿರನೇ ಐತಿ ಅಂತ ಗೊತ್ತಾದ್ರ ಎಷ್ಟೋ ಮಂದಿ ಬರ್ತಾರ. ಹೊಸ ಮದ್ದು ಬಂತಂತ ಹತ್ತು ಮಂದಿಗೆ ಕಳಿಸಿದಂಗ ಈ ಸುದ್ದಿನೂ ಕಳಿಸ್ರಿ. ನಿಮ್ಮ ಖಾನಾವಳಿಗೆ ಲಾರಿಯವರು, ಕಾರ್ಖಾನಿ ಪಾಳಿಯವರು, ಕೂಲಿಯವರು ಎಲ್ಲಾರೂ ಬರ್ತಾರ, ನನಗಿಂತ ನಿಮ್ಮ ಮಾತು ಅವರು ಕೇಳ್ತಾರ.

ಕಾಕಾ: ಈಗ ನನಗ ಏನು ಮಾಡ್ತಾರ? ಕಾಲು ಕೊಯ್ತಾರಾ?

ಮಗಳು: ಆ ಭಯ ಬ್ಯಾಡ. ಮೊದಲು ಕಾಲಿನ ಬಿಪಿ ಮತ್ತ ಕೈಯ ಬಿಪಿ ಎರಡೂ ನೋಡಿ ಹೋಲಿಸ್ತಾರ. ಸೂಜಿ ಚುಚ್ಚೋದಿಲ್ಲ, ನೋವಿಲ್ಲ. ಕಾಲಿನಾಗ ಬಹಳ ಕಡಿಮಿ ಬಂದ್ರ ಸ್ಕ್ಯಾನ್ ಮಾಡ್ತಾರ. ಜೋಡಿ ಸಕ್ಕರಿ, ಕೊಲೆಸ್ಟ್ರಾಲ್, ಎದಿಯ ಇಸಿಜಿ. ಇದೇ ಹಂತದಾಗ ಹಿಡದ್ರ ಬಹಳ ಮಂದಿಗೆ ಗುಳಿಗಿ, ಬೀಡಿ ಬಿಡೋದು, ನಡಿಯೋದು ಇಷ್ಟರಾಗೇ ಸುಧಾರಸ್ತೈತಿ.

ಕಾಕಾ: ನಡದ್ರನೇ ನೋಯ್ತೈತಿ, ನಡೀರಿ ಅಂತೀಯಲ್ಲ.

ಮಗಳು: ಹೌದು, ಈ ಕಾಯಿಲಿಗೆ ನಡಿಗಿನೇ ಔಷಧ. ನೋವು ಹಿಡಿಯೋ ತನಕ ನಡೀಬೇಕು, ನಿಲ್ಲಬೇಕು, ಬಿಟ್ಟ ಮ್ಯಾಲ ಮತ್ತ ನಡೀಬೇಕು. ಹಿಂಗ ಅರ್ಧ ತಾಸಿಗೂ ಮ್ಯಾಲ, ವಾರಕ್ಕ ಮೂರು ದಿನಾದ್ರೂ, ಮೂರು ತಿಂಗಳು. ಸಣ್ಣ ರಕ್ತನಾಳ ಹಿಗ್ಗತಾವ, ಸ್ನಾಯು ಇದ್ದ ರಕ್ತದಾಗೇ ದುಡಿಯಾಕ ಕಲೀತಾವ, ನಡಿಯೋ ದೂರ ಬೆಳೀತೈತಿ. ಇದು ಹತ್ತಾರು ಅಧ್ಯಯನದಾಗ ಗಟ್ಟಿಯಾದ ಮಾತು. ಆದ್ರ ಡಾಕ್ಟರು ಎದಿ ನೋಡಿ ನಡೀರಿ ಅಂದ ಮ್ಯಾಲ, ಅದಕ್ಕಿಂತ ಮೊದಲು ಬ್ಯಾಡ. ಅಲ್ಲಿ ತನಕ ಬರಿಗಾಲಿಲೆ ಅಡ್ಡಾಡಬ್ಯಾಡ್ರಿ, ಉಗುರು ತಗಿಯುವಾಗ ಚರ್ಮ ಕೊಯ್ಕೋಬ್ಯಾಡ್ರಿ. ರಕ್ತ ಕಡಿಮಿ ಹರಿಯೋ ಪಾದದಾಗ ಸಣ್ಣ ಗಾಯನೂ ಮಾಯಾಕ ತಡ.

ಕಾಕಾ: ಬೀಡಿ ಕಟ್ಟು ನಿನ್ನ ಕೈಯಾಗ ಕೊಡ್ತೇನಿ, ತಗೊಂಡು ಹೋಗು. ನಾಳೆ ಖಾನಾವಳಿ ನಿಮ್ಮ ಕಾಕು ನೋಡ್ಕೋತಾಳ. ಯಾವ ಬಸ್ಸಿಗೆ ಹೋಗೂಣು?

ಮಗಳು: ಮುಂಜಾನಿ ಮೊದಲ ಬಸ್ಸಿಗೆ ಧಾರವಾಡಕ್ಕ. ರಕ್ತ ಕೊಡೋ ತನಕ ಏನೂ ತಿನ್ನಬ್ಯಾಡ್ರಿ, ಚಾನೂ ಬ್ಯಾಡ, ನೀರು ಕುಡೀರಿ. ಈಗ ತಗೊಳ್ಳೋ ಗುಳಿಗಿ ಚೀಟಿ ಸಮೇತ ಚೀಲದಾಗ ಹಾಕ್ಕೋರಿ. ಆಧಾರ್ ಕಾರ್ಡು, ರೇಷನ್ ಕಾರ್ಡು ಎರಡೂ ಇರಲಿ.